ಮಾವನ ಗಾಡಿಯೂ ತುಂಬಿದ ಚರಿಗಿಯೂ

ನಮ್ಮ ಸೋದರಮಾವ ಬ್ರಹ್ಮಚಾರಿ ಎಂದು ಅಥಣಿ ರಸ್ತೆಯ ನಮ್ಮ ಬಡಾವಣೆಯ ಜನ ಒಂದು ವರ್ಷ ಪೂರ್ತಿ ನಂಬಿದ್ದರು. ಇದರಲ್ಲಿ ಜನರ ತಪ್ಪೇನೂ ಇಲ್ಲ. ಮಾವ ಮನೆಯಿಂದ ಹೊರಡುತ್ತಿದ್ದದ್ದು ಅತ್ತೆಯ ಜೊತೆಗೇ. ಆದರೆ ಅತ್ತೆ ಗೇಟಿನ ಚಿಲಕ ಹಾಕಿ ತಲೆಯೆತ್ತುವಷ್ಟರಲ್ಲಿ ಮಾವ ಕಿರಾಣಿ ಅಂಗಡಿ ದಾಟಿ ತಿರುವಿನಲ್ಲಿ ಮಾಯವಾಗಿರುತ್ತಿದ್ದರು. ಆರಡಿ ಎರಡಂಗುಲದ ದೇಹ, ಅದರಲ್ಲಿ ಮುಕ್ಕಾಲು ಪಾಲು ಬರೀ ಕಾಲು! ಅತ್ತೆಯೋ ಐದಡಿಗೂ ಒಂದು ಬೆರಳು ಕಡಿಮೆ. ನೋಡಿದವರಿಗೆ, ಮುಂದೊಬ್ಬ ಗಂಡಸು ಯಾವುದೋ ಬಸ್ಸು ತಪ್ಪುತ್ತದೆಂದು ಧಾವಿಸುತ್ತಿದ್ದಾನೆ, ಎಲ್ಲೋ ಹಿಂದೆ ಒಬ್ಬ ಹೆಣ್ಣುಮಗಳು ತನ್ನ ಪಾಡಿಗೆ ಬಾಜಿಪಲ್ಲೆ ತರಲು ಹೊರಟಿದ್ದಾಳೆ ಅಷ್ಟೆ. ಇವರಿಬ್ಬರೂ ಗಂಡ ಹೆಂಡತಿ ಎಂದು ಯಾವ ಬ್ರಹ್ಮ ಹೇಳಬೇಕು?

ಕೊನೆಗೊಂದು ದಿನ ಮದುವೆ ದಲ್ಲಾಳಿಯೊಬ್ಬರು ಮಾವನಿಗೊಂದು ಕನ್ಯೆ ಗೊತ್ತುಮಾಡಿಕೊಂಡು ಮನೆಗೇ ಬಂದುಬಿಟ್ಟರು! ಬಾಗಿಲು ತೆರೆದದ್ದು ಅತ್ತೆ. ಅವರು ಸಿಟ್ಟಾಗಲಿಲ್ಲ. ದಲ್ಲಾಳಿಯನ್ನು ಕೂರಿಸಿ, ಚಹಾ ಕೊಟ್ಟು, ಫೋಟೋ ನೋಡಿ, ಕಡೆಗೆ ಒಂದೇ ಒಂದು ಪ್ರಶ್ನೆ ಕೇಳಿದರು:

"ಹುಡುಗಿ ಚಲೋ ಅದಾಳ್ರಿ. ಆದ್ರ ಆಕಿಗೆ ಓಡಾಕ ಬರ್ತೈತೇನು?"

ಈ ಕತೆಯನ್ನು ನಾನು ಎಲ್ಲ ಮದುವೆ ಮುಂಜಿಗಳಲ್ಲಿ ದಲ್ಲಾಳಿಯ ದನಿಯಲ್ಲೂ ಅತ್ತೆಯ ದನಿಯಲ್ಲೂ ಮಾಡಿ ತೋರಿಸುತ್ತೇನೆ. ಮಿಮಿಕ್ರಿ ನನ್ನ ರೋಗ. ಬ್ಯಾಂಕ್ ಪರೀಕ್ಷೆಗೆ ಓದಲೆಂದು ಮಾವನ ಮನೆಯಲ್ಲಿ ಬೀಡುಬಿಟ್ಟು ಮೂರು ವರ್ಷವಾಯಿತು. ಬ್ಯಾಂಕಿನ ಗುಮಾಸ್ತ, ಮ್ಯಾನೇಜರ್, ಬಾಗಿಲಲ್ಲಿ ಕೂರುವ ಕಾವಲುಗಾರ ಎಲ್ಲರ ದನಿಯೂ ನನಗೆ ಬರುತ್ತದೆ. ಬರದಿರುವುದು ಕೆಲಸವೊಂದೇ. ಒಮ್ಮೆ ಸಂದರ್ಶನದಲ್ಲಿ ಗಾಬರಿಯಾಗಿ, ಪ್ರಶ್ನೆ ಕೇಳಿದವರ ದನಿಯಲ್ಲೇ ಉತ್ತರ ಹೇಳಿ ಎದ್ದು ಬಂದವನು ನಾನು. ಆದ್ದರಿಂದ ಮಾವನನ್ನು ನಾನು ಆಡಿಕೊಂಡರೆ, ಅದು ಒಬ್ಬ ಹುಚ್ಚನು ಇನ್ನೊಬ್ಬನಿಗೆ ಸಲ್ಲಿಸುವ ಗೌರವ ಎಂದು ತಿಳಿಯಬೇಕು.

ಮಾವನಿಗೊಂದು ಪಿಕಪ್ ಗಾಡಿ ಇದೆ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಸಿಗುವಂಥದ್ದು. ತಿಕೋಟಾ ಕಡೆಯ ಶೆಡ್ಡುಗಳಿಂದ ಮನೂಕದ ಪೆಟ್ಟಿಗೆಗಳನ್ನು, ಅಂದರೆ ಒಣದ್ರಾಕ್ಷಿಯನ್ನು, ವಿಜಯಪುರಕ್ಕೆ ತರುವುದು ಅವರ ವ್ಯವಹಾರ. ಕೆಲವು ವರ್ಷಗಳ ಹಿಂದೆ ಬಬಲೇಶ್ವರದ ಹತ್ತಿರ ಒಂದು ತೋಟದ ದಾರಿಯಲ್ಲಿ, ಮಳೆಯಾದ ಮರುದಿನ, ಗಾಡಿಯ ಹೊಟ್ಟೆ ಎರೆಮಣ್ಣಿಗೆ ಅಂಟಿಕೊಂಡು ನಿಂತುಬಿಟ್ಟಿತು. ಟ್ರ್ಯಾಕ್ಟರ್ ತಂದು ಎಳೆದ ಪುಣ್ಯಾತ್ಮ ಸುಮ್ಮನೆ ಹೋಗಿದ್ದರೆ ಆಗುತ್ತಿತ್ತು. "ಮಾಲಕ ಇಷ್ಟ ಉದ್ದ ಅದಾನ, ಗಾಡಿ ಯಾಕ ಗಿಡ್ಡ ತಂದಾನೋ!" ಎಂದುಬಿಟ್ಟ. ಮಾವನ ಎದೆಗೆ ನಾಟಿತು ನೋಡಿ! ಮರುತಿಂಗಳೇ ಗಾಡಿಗೆ ಎತ್ತರದ ಸ್ಪ್ರಿಂಗು ಬಂದವು, ಸೊಂಟದವರೆಗೆ ಬರುವ ಟೈರು ಬಂದವು. ಗಾಡಿ ಎಷ್ಟು ಮೇಲೆದ್ದಿತೆಂದರೆ ಪಕ್ಕದ ಮನೆಯ ಆಡುಗಳು ಮಧ್ಯಾಹ್ನದ ನೆರಳಿಗೆ ಬೇವಿನ ಮರ ಬಿಟ್ಟು ಅದರ ಕೆಳಗೇ ಮಲಗತೊಡಗಿದವು.

ಅತ್ತೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೇಳಿದರು: "ಚಲೋ ಆತು. ಹತ್ತಾಕ ಏಣಿ, ಇಳಿಯಾಕ ದೇವರು."

ಎತ್ತರವೇನೋ ಆಯಿತು, ಆದರೆ ಗಾಡಿಯ ಗುಣ ಕೆಟ್ಟಿತು. ಮೊದಲನೇ ಗೇರಿನಲ್ಲಿ ಮೆಲ್ಲಗೆ ಹೋಗೆಂದರೆ ಹೋಗದು. ಒಂದೋ ಕಪ್ಪೆಯ ಹಾಗೆ ಹಾರುವುದು, ಇಲ್ಲವೇ ಖೊಕ್ಕೆಂದು ಕೆಮ್ಮಿ ಸಾಯುವುದು. ಮಾವನಿಗೆ ಅದು ದೋಷವೆನಿಸಲೇ ಇಲ್ಲ. ಅವರೂ ನಡೆಯುವುದು ಹಾಗೇ ಅಲ್ಲವೆ!

ದೋಷವೆನಿಸಿದ್ದು, ಅತ್ತೆಗೆ ಬೆನ್ನಿನ ಆಪರೇಷನ್ ಆದ ಮೇಲೆ.

ಅತ್ತೆಯ ತವರು ಘೋಣಸಗಿ. ಊರೊಳಗಲ್ಲ, ಊರಾಚೆ ತೋಟದ ವಸ್ತಿಯಲ್ಲಿ, ಅಂದರೆ ತೋಟದಮನೆಯಲ್ಲಿ. ಅಲ್ಲಿ ಅವರ ಅಕ್ಕ ಇದ್ದಾರೆ. ಮದುವೆಯಾಗಿ ಬಂದಾಗಿನಿಂದ ಅತ್ತೆ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ತವರಿನ ಹೊಲದಲ್ಲಿ ಅಕ್ಕನ ಜೊತೆ ನಿಂತು ಚರಗ ಚೆಲ್ಲದ ವರ್ಷವಿಲ್ಲ. ಮನೆಯಲ್ಲಿ ಮಾಡಿದ ಕಡಬು, ಹೋಳಿಗೆ, ಸಜ್ಜಿರೊಟ್ಟಿ ಎಲ್ಲದರಿಂದ ಒಂದೊಂದು ತುತ್ತು ತೆಗೆದು ಬೆಳೆಯ ನಡುವೆ ಭೂಮಿತಾಯಿಗೆ ಚೆಲ್ಲುವ ಹಬ್ಬ ಅದು. ಕಳೆದ ವರ್ಷ ಮೊದಲ ಬಾರಿಗೆ ತಪ್ಪಿತು. ಆ ದಿನ ಅತ್ತೆ ಮಂಚದ ಮೇಲೆ ಅಂಗಾತ ಮಲಗಿ ಛಾವಣಿಯ ಫ್ಯಾನನ್ನೇ ನೋಡುತ್ತಿದ್ದರು. ಕರೆಂಟಿರಲಿಲ್ಲ, ಫ್ಯಾನು ತಿರುಗುತ್ತಿರಲಿಲ್ಲ. ಆದರೂ ನೋಡುತ್ತಿದ್ದರು. ಎಲ್ಲರನ್ನೂ ಅಣಕಿಸುವ ನಾನು ಅವತ್ತು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ.

"ಮುಂದಿನ ಎಳ್ಳಮಾಸಿಗೆ ನಾ ಕರ್ಕೊಂಡ ಹೋಗ್ತೇನಿ," ಎಂದು ಮಾವ ಬಾಗಿಲಲ್ಲೇ ನಿಂತು ಘೋಷಿಸಿದರು.

"ಯಾವುದರಾಗ? ನಿಮ್ಮ ಒಂಟಿ ಮ್ಯಾಲೇನು?" ಎಂದರು ಅತ್ತೆ.

ಸಮಸ್ಯೆ ಇದ್ದದ್ದು ಡಾಂಬರು ರಸ್ತೆಯಲ್ಲಲ್ಲ. ರಸ್ತೆಯಿಂದ ವಸ್ತಿಗೆ ಎರಡು ಕಿಲೋಮೀಟರ್ ಕಲ್ಲುದಾರಿ. ಆ ಕಲ್ಲುಗಳಿಗೆ ಕಾರಿನ ಹೊಟ್ಟೆ ಬಡಿಯುತ್ತದೆ. ನಡೆಯಲು ಅತ್ತೆಗೆ ಸಾಧ್ಯವಿಲ್ಲ. ಬಂಡಿಯಲ್ಲಿ ಕೂತರೆ ಆಪರೇಷನ್ ಇನ್ನೊಮ್ಮೆ ಮಾಡಿಸಬೇಕು. ನಾಲ್ಕು ಜನ ಸೇರಿ ಮಂಚದ ಮೇಲೆ ಹೊತ್ತುಕೊಂಡು ಹೋಗೋಣ ಎಂದು ನಾನೊಂದು ಸಲಹೆ ಕೊಟ್ಟೆ.

"ಹಾಂ, ಮುಂದ ಒಂದ ಹಲಗಿ ಬಾರಸ್ಕೋತ ನಡಿ ಭಾಡ್ಯಾ," ಎಂದರು ಅತ್ತೆ. "ಊರ ಮಂದಿ ಹೂವಿನ ಮಾಲಿ ತಗೊಂಡ ಬರ್ತಾರ!"

ಉಳಿದದ್ದು ಮಾವನ ಎತ್ತರದ ಗಾಡಿ ಒಂದೇ. ಅದಕ್ಕೆ ಡಾಕ್ಟರ ಒಪ್ಪಿಗೆ ಬೇಕಲ್ಲ! ಈ ವರ್ಷದ ಎಳ್ಳಮಾಸಿ ಹತ್ತಿರವಾದಾಗ, ತಪಾಸಣೆಗೆ ಹೋದಲ್ಲಿ ಮಾವ ನೇರವಾಗಿ ಕೇಳಿದರು: "ಗಾಡ್ಯಾಗ ಎಷ್ಟು ಧಕ್ಕಿ ನಡೀತೈತ್ರಿ, ಡಾಕ್ಟ್ರ?"

ಡಾಕ್ಟರು ನಕ್ಕು, "ತೊಡೆ ಮೇಲೆ ನೀರು ತುಂಬಿದ ಚರಿಗಿ ಇಟ್ಟುಕೊಂಡು ಕೂತರೆ ಒಂದು ಹನಿ ಚೆಲ್ಲಬಾರದು, ಹಂಗ ಕರ್ಕೊಂಡು ಹೋಗೋದಾದ್ರೆ ಎಲ್ಲಿಗೆ ಬೇಕಾದ್ರೂ ಹೋಗ್ರಿ," ಎಂದರು. ಅಂದರೆ, ಹೋಗಬೇಡಿ ಎಂದು ಅದರರ್ಥ. ನನಗೆ ತಿಳಿಯಿತು, ಅತ್ತೆಗೆ ತಿಳಿಯಿತು, ಅಲ್ಲಿದ್ದ ನರ್ಸಿಗೂ ತಿಳಿಯಿತು.

ಮಾವನಿಗೆ ಮಾತ್ರ ಅದು ಅಳತೆಯಾಗಿ ಕೇಳಿಸಿತು! ದರ್ಜಿ ಹೇಳಿದ ಅಳತೆಯ ಹಾಗೆ ಚೀಟಿಯಲ್ಲಿ ಬರೆದುಕೊಂಡರು: 'ಚರಿಗಿ, ತುಂಬ. ಹನಿ, ಸೊನ್ನೆ.'

ಮರುದಿನದಿಂದ ಪ್ರಯೋಗ ಶುರು. ಗಾಡಿಯಲ್ಲಿ ಚರಿಗಿ ಹಿಡಿದು ಕೂರಲು ಒಬ್ಬ ಅತ್ತೆ ಬೇಕಲ್ಲ?

"ಲೇ, ನೀ ಎಲ್ಲಾರ ಹಂಗ ಮಾಡ್ತಿ ಅಲ್ಲ? ಇವತ್ತ ನಿಮ್ಮ ಅತ್ತಿ ಹಂಗ ಕುಂಡ್ರು. ಹನಿ ಚೆಲ್ಲಿದ್ರ ಹೇಳಬೇಕು. ಅದ ನಿನ್ನ ಕೆಲಸ," ಎಂದರು ಮಾವ.

ನನ್ನ ಜೀವನದ ಮೊದಲ ನೌಕರಿ ಅದು. ಕಾಲು ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ, ಅತ್ತೆಯಂತೆ ತುಟಿ ಬಿಗಿದು, ತೊಡೆಯ ಮೇಲೆ ಹಿತ್ತಾಳೆ ಚರಿಗಿ ಇಟ್ಟುಕೊಂಡು ಕೂತೆ. ಮಾವ ಕ್ಲಚ್ ಬಿಟ್ಟರು. ಗಾಡಿ ಹಾರಿತು.

"ಚೆಲ್ಲಿತೇನು?"

"ಚರಿಗ್ಯಾಗ ಏನ ಉಳದೈತಿ ಅಂತ ಕೇಳ್ರಿ ಮಾವಾರ!"

ಎಂಟು ದಿನ ಎಂಟು ಚರಿಗಿ. ತಿಕೋಟಾದಲ್ಲಿ ಚಹಾ ಕುಡಿಯಲು ಇಳಿದರೆ ಅಂಗಡಿಯವನು ನನ್ನ ಪ್ಯಾಂಟನ್ನು ನೋಡಿ, ಮರುಕದಿಂದ, "ಈ ವಯಸ್ಸಿನ್ಯಾಗ ಹಂಗ ಆಗಬಾರದು ತಮ್ಮಾ, ಯಾರಿಗಾರ ತೋರಸು," ಎಂದ. ಆ ಊರಲ್ಲಿ ನನಗೆ ಹೆಣ್ಣು ಸಿಗುವ ಸಾಧ್ಯತೆ ಅಂದಿಗೆ ಮುಗಿಯಿತು.

ಕಡೆಗೆ ಮಾವ ಜೋರಾಪುರ ಪೇಟೆಯ ಉಸ್ತಾದರ ಬಳಿ ಹೋದರು. ಉಸ್ತಾದರು ಗೇರು ಕೆಲಸದಲ್ಲಿ ನಲವತ್ತು ವರ್ಷ ಪಳಗಿದವರು. ಮಾತು ಕಡಿಮೆ, ಆದರೆ ಆಡಿದ ಮಾತು ಬೇರಿಂಗಿನ ಗುಂಡಿನ ಹಾಗೆ. ಗಾಡಿಯ ಸುತ್ತ ಒಮ್ಮೆ ನೋಡಿ, ಆಮೇಲೆ ಮಾವನ ಕಾಲುಗಳನ್ನು ನೋಡಿ ಹೇಳಿದರು:

"ಗಾಡಿಗೆ ನಿಮ್ಮ ಕಾಲು ಹಚ್ಚೀರಿ ಸಾವಕಾರ್ರ. ಗಾಲಿ ದೊಡ್ಡದಾತು, ಒಂದ ಸುತ್ತಿಗೆ ಮೊದಲಿಗಿಂತ ಉದ್ದ ಹೆಜ್ಜಿ ಹಾಕಾಕತ್ತೈತಿ. ಅಷ್ಟ ಉದ್ದ ಹೆಜ್ಜಿ ಎತ್ತಾಕ ಎಂಜಿನ್ನಿಗೆ ದಮ್ಮಿಲ್ಲ. ಮೆಲ್ಲಕ ಹೋಗಬೇಕಂದ್ರ ಹಲ್ಲಿನ ಲೆಕ್ಕ ಬದಲಿಸಬೇಕು."

ಹಲ್ಲಿನ ಲೆಕ್ಕ ಇಷ್ಟೆ. ಎಂಜಿನ್ನಿನಿಂದ ಹಿಂದಕ್ಕೆ ಬರುವ ಉದ್ದನೆಯ ದಂಡದ ತುದಿಯಲ್ಲಿ ಪಿನಿಯನ್ ಎಂಬ ಪುಟ್ಟ ಹಲ್ಲುಗಾಲಿ. ಅದು ಆಕ್ಸಲ್ಲಿನೊಳಗೆ ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಅದರಿಂದ ಚಕ್ರ ತಿರುಗುತ್ತದೆ. ಮಾವನ ಗಾಡಿಯ ಕ್ರೌನಿಗೆ ನಲವತ್ತೊಂದು ಹಲ್ಲು, ಪಿನಿಯನ್ನಿಗೆ ಹನ್ನೊಂದು. ಆ ಜೋಡಿಯನ್ನು ತೆಗೆದು ಎಂಟು ಹಲ್ಲಿನ ಪಿನಿಯನ್ ಇರುವ ಜೋಡಿ ಹಾಕಿದರೆ, ಚಕ್ರ ಒಂದು ಸುತ್ತು ಬರಲು ಪಿನಿಯನ್ ಸುಮಾರು ನಾಲ್ಕರ ಬದಲು ಐದು ಸುತ್ತಬೇಕು. ಓಟ ಕಡಿಮೆ, ಬಲ ಜಾಸ್ತಿ. ಕ್ಲಚ್ಚಿನ ಮೇಲಿಂದ ಕಾಲು ತೆಗೆದರೂ ಗಾಡಿ ಹಾರದೆ, ಸಾಯದೆ, ಮೆಲ್ಲನೆ ತೆವಳುತ್ತದೆ.

"ಹಿಂದಿಂದ ಅಷ್ಟ ಬದಲಿಸಿದ್ರ ನಡಿಯೂದಿಲ್ಲೇನ್ರಿ?" ಎಂದರು ಮಾವ.

"ನಡೀತೈತಲ್ಲ! ಮುಂದಿನ ಗಾಲಿ ಅಥಣಿಗೆ ನಡೀತಾವು, ಹಿಂದಿನವು ಸೊಲ್ಲಾಪುರಕ್ಕ. ನೀವು ನಡಬರಕ ಕುಂಡ್ರರಿ."

ಮಾವ ಕೊಲ್ಲಾಪುರದ ಗುಜರಿ ಪೇಟೆಯನ್ನೆಲ್ಲ ಜಾಲಾಡಿ ಮುಂದಿನ ಆಕ್ಸಲ್ಲಿಗೊಂದು, ಹಿಂದಿನದಕ್ಕೊಂದು ಎಂದು ಎರಡು ಜೋಡಿ ತಂದರು. ಉಸ್ತಾದರು ಎರಡನ್ನೂ ಬೆರಳಲ್ಲಿ ಸವರಿ, ಮೇಲೆ ಕೊರೆದ ಅಂಕಿಗಳನ್ನು ಕನ್ನಡಕ ಏರಿಸಿ ಓದಿ, ಬೇರೆ ಬೇರೆ ಬಟ್ಟೆಯಲ್ಲಿ ಕಟ್ಟಿಟ್ಟರು. ಒಂದು ಜೋಡಿಯ ಪಿನಿಯನ್ನನ್ನು ಇನ್ನೊಂದರ ಕ್ರೌನಿಗೆ ಕೂಡಿಸಬಾರದಂತೆ. ಒಟ್ಟಿಗೆ ತಿಕ್ಕಿ ತಿಕ್ಕಿ ಹೊಂದಿಸಿದವು, ಅಗಲಿಸಿದರೆ ಜನ್ಮವಿಡೀ ಗೊಣಗುತ್ತವೆ ಎಂದರು.

"ಒಟ್ಟಿಗಿದ್ರೂ ಗೊಣಗೂದ ಇದ್ದದ್ದ ಬಿಡ್ರಿ," ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಹೌದು, ಕೆಲಸ ನಡೆದದ್ದು ನಮ್ಮ ಅಂಗಳದಲ್ಲೇ. ಅತ್ತೆಯನ್ನು ಬಿಟ್ಟು ಮಾವ ದಿನವಿಡೀ ಪೇಟೆಯಲ್ಲಿ ಕೂರುವಂತಿರಲಿಲ್ಲ. ಕಿಟಕಿಯ ಒಳಗೆ ಅತ್ತೆಯ ಮಂಚ. ಕಿಟಕಿಯ ಹೊರಗೆ ಕಲ್ಲಿನ ಮೇಲೆ ನಿಲ್ಲಿಸಿದ ಗಾಡಿ. ಇಬ್ಬರೂ ಬೆನ್ನು ಬಿಚ್ಚಿಸಿಕೊಂಡವರೇ. ಅತ್ತೆ ದಿನಾ ಒಮ್ಮೆ ಲೆಕ್ಕ ಕೇಳುತ್ತಿದ್ದರು: "ನನ್ನ ಬೆನ್ನ ಡಾಕ್ಟ್ರು ಎರಡ ತಾಸಿನ್ಯಾಗ ಬಿಚ್ಚಿ ಹೊಲದ್ರು. ನಿಮ್ಮದು ಆರ ದಿನಾ ಆತು. ಯಾರ್ದು ಬೆನ್ನ ಗಟ್ಟಿ?"

ಏಳನೆಯ ದಿನ ಒಂದು ಅನರ್ಥವಾಯಿತು. ಹಲ್ಲಿಗೆ ಹಲ್ಲು ಸರಿಯಾಗಿ ಕೂತಿದೆಯೇ ಎಂದು ನೋಡಲು ಒಂದು ಹಳದಿ ಲೇಪ ಹಚ್ಚುತ್ತಾರೆ. ತಿರುಗಿಸಿದಾಗ ಲೇಪ ಎಲ್ಲಿ ಅಳಿಸಿತೋ ಅಲ್ಲಿ ಹಲ್ಲು ತಾಗಿತೆಂದು ಅರ್ಥ. ಗುರುತು ಹಲ್ಲಿನ ನಟ್ಟನಡುವೆ ಬೀಳಬೇಕು. ಆ ಲೇಪದ ಡಬ್ಬಿ ಖಾಲಿ! ತರಿಸಲು ಎರಡು ದಿನ ಬೇಕು. ಎಳ್ಳಮಾಸಿಗೆ ಉಳಿದದ್ದು ಒಂದೇ ವಾರ. ಮಾವ ಅಂಗಳದಲ್ಲಿ ಶತಪಥ ಹಾಕತೊಡಗಿದರು. ಅವರ ಕಾಲಿಗೆ ನಮ್ಮ ಅಂಗಳ ಮೂರೇ ಹೆಜ್ಜೆ.

"ಹಳದಿ ಬೇಕೇನು?" ಎಂದರು ಅತ್ತೆ ಕಿಟಕಿಯಿಂದ. "ಅಡುಗಿಮನಿ ಗ್ವಾಡಿ ಮಾಡದಾಗ ಅರಿಷಿಣದ ಡಬ್ಬಿ ಐತಿ. ಔಡಲೆಣ್ಣ್ಯಾಗ ಕಲಸ್ರಿ, ಹಿಡಕೋತೈತಿ."

ಉಸ್ತಾದರು ನಗಲಿಲ್ಲ. ಒಂದು ಚಿಟಿಕೆ ತೆಗೆದುಕೊಂಡು, ಎಣ್ಣೆಯಲ್ಲಿ ಕಲಸಿ, ಕುಂಚದಿಂದ ನಾಲ್ಕು ಹಲ್ಲಿಗೆ ಬಳಿದು, ಕ್ರೌನನ್ನು ಕೈಯಿಂದ ತಿರುಗಿಸಿದರು. ಕಪ್ಪು ಉಕ್ಕಿನ ಮೇಲೆ, ಅರಿಷಿಣದ ನಡುವೆ, ಸ್ವಚ್ಛ ಗುರುತು ಮೂಡಿತು. ಸ್ವಲ್ಪ ಅಂಚಿಗೆ ಬಿದ್ದಿತ್ತು. ತಗಡಿನ ತೆಳು ಬಿಲ್ಲೆ ಹಾಕಿ ಸರಿಸಿದರು, ಮತ್ತೆ ಅರಿಷಿಣ. ಮತ್ತೆ ಬಿಲ್ಲೆ, ಮತ್ತೆ ಅರಿಷಿಣ. ಸಂಜೆಯ ಹೊತ್ತಿಗೆ ಗುರುತು ನಟ್ಟನಡುವೆ ಬಂತು.

"ಅರಿಷಿಣ ಹಚ್ಚೀರಿ ಅಂದ್ರ ಅಕ್ಕಿಕಾಳ ಹಾಕಬೇಕಲ್ಲ," ಎಂದು ಅತ್ತೆ ನನ್ನ ಕೈಯಲ್ಲಿ ಅಕ್ಷತೆಯ ಬಟ್ಟಲು ಕೊಟ್ಟು ಕಳಿಸಿದರು. ನಾನು ಪುರೋಹಿತರ ದನಿ ತೆಗೆದು "ಸಾವಧಾನ" ಎಂದು ಮುಷ್ಟಿ ಎತ್ತಿದ್ದೇ ತಡ, ನಲವತ್ತು ವರ್ಷದಲ್ಲಿ ದನಿ ಏರಿಸದ ಉಸ್ತಾದರು ಕಿರುಚಿದರು:

"ಲೇ ಲೇ ಲೇ! ಒಂದ ಕಾಳ ಒಳಗ ಬಿದ್ರ ನಲವತ್ತೊಂದು ಹಲ್ಲೂ ನಿನ್ನ ಕೈಯಾಗ ಕೊಡ್ತೇನಿ!"

ಮುಚ್ಚಳ ಬಿಗಿದ ಮೇಲೆ, ಹೊರಗಿನಿಂದ, ಉಸ್ತಾದರೇ ಮೊದಲು ನಾಲ್ಕು ಕಾಳು ಹಾಕಿದರು.

ಗಾಡಿ ಕೆಳಗಿಳಿಯಿತು. ಮೊದಲ ಸುತ್ತಿಗೆ ಹೋದೆವು. ತೆವಳುವುದೇನೋ ಹೂವಿನ ಹಾಗೆ, ಆದರೆ ವೇಗ ನಲವತ್ತಕ್ಕೆ ಬಂದಾಗ ಹಿಂದಿನಿಂದ ಸಣ್ಣಗೆ ಅಳುವ ಸದ್ದು. ಮಾವ ತಿಕೋಟಾದಲ್ಲಿ ಅದೇ ಚಹಾದಂಗಡಿಯ ಮುಂದೆ ನಿಲ್ಲಿಸಿ, ಉಸ್ತಾದರಿಗೆ ಫೋನು ಹಚ್ಚಿ, ನನ್ನ ಬಾಯಿಗೆ ಹಿಡಿದರು.

"ಮಾಡಿ ತೋರಸು."

"ಮ್ಯಾಂ... ಗೂಂಯ್ಯ್ಯ್..."

"ಒತ್ತಿದಾಗ ಬರ್ತೈತೋ, ಬಿಟ್ಟಾಗೋ?" ಅತ್ತಲಿಂದ ಉಸ್ತಾದರು.

ಒತ್ತಿದಾಗಿನದ್ದು ಮಾಡಿದೆ, ಬಿಟ್ಟಾಗಿನದ್ದು ಮಾಡಿದೆ, ಐವತ್ತಕ್ಕೆ ಏರಿಸಿದೆ, ತಿರುವು ತೆಗೆದುಕೊಂಡೆ. ಚಹಾದವನು ಒಲೆ ಬಿಟ್ಟು ಎದ್ದು ನಿಂತಿದ್ದ. ಪ್ಯಾಂಟಿನ ರೋಗ ತಲೆಗೇರಿತೆಂದು ಅವನಿಗೆ ಖಾತ್ರಿಯಾಗಿರಬೇಕು. ಉಸ್ತಾದರು ಎಲ್ಲವನ್ನೂ ಇನ್ನೊಮ್ಮೆ ಮಾಡಿಸಿ ಕೇಳಿದರು. ಆಮೇಲೆ ಉಸ್ತಾದರು ಗಂಭೀರವಾಗಿ ಹೇಳಿದರು:

"ಗಾಡೀದು ಒಂದ ಬಿಲ್ಲಿ ಹೆಚ್ಚಾಗೇತಿ, ತೆಗೀತೇನಿ. ಹುಡುಗಂದು ಮಾತ್ರ ಪೂರ್ತಿ ಇಂಜಿನ್ ಬಿಚ್ಚಬೇಕು."

ಎಳ್ಳಮಾಸಿ ಬಂತು. ಬೆಳಿಗ್ಗೆ ಬಾಗಿಲ ಮುಂದೆ ಗಾಡಿ. ಅದರ ಪಕ್ಕ ಮಾವ ಬಡಿಗರಿಂದ ಮಾಡಿಸಿದ ಕಟ್ಟಿಗೆಯ ಮೆಟ್ಟಿಲು. ಪ್ರತಿ ಮೆಟ್ಟಿಲೂ ಅತ್ತೆ ದಿನಾ ಹತ್ತಿಳಿಯುವ ನಮ್ಮ ಹೊಸ್ತಿಲ ಮೆಟ್ಟಿಲಿನ ಅಳತೆಯದೇ ಎಂದು ನನಗೆ ಆಮೇಲೆ ತಿಳಿಯಿತು. ಸ್ಪ್ರಿಂಗು ಮೆತ್ತಗಾಗಲೆಂದು ಹಿಂದೆ ಆರು ಚೀಲ ಮರಳು. ಮರಳಿನ ಮೇಲೆ ಬುತ್ತಿ, ಬುತ್ತಿಯ ಪಕ್ಕ ನಾನು. ಅತ್ತೆ ಸೊಂಟಕ್ಕೆ ಪಟ್ಟಿ ಬಿಗಿದು, ಹಸಿರು ಇಳಕಲ್ ಸೀರೆಯುಟ್ಟು, ಒಂದೊಂದೇ ಮೆಟ್ಟಿಲು ಹತ್ತಿ ಕೂತರು. ಮಾವ ಅವರ ತೊಡೆಯ ಮೇಲೆ ತುಂಬಿದ ಚರಿಗಿ ಇಟ್ಟರು.

"ಇದೇನ್ರಿ ಹುಚ್ಚ?"

"ಡಾಕ್ಟ್ರು ಹೇಳ್ಯಾರ."

ತಿಕೋಟಾ ದಾಟಿ, ಘೋಣಸಗಿಯ ಆಚೆ ಕಲ್ಲುದಾರಿಗೆ ತಿರುಗಿದೆವು. ಮಾವ ಕ್ಲಚ್ಚಿನಿಂದ ಕಾಲು ತೆಗೆದರು. ಗಾಡಿ ಹಾರಲಿಲ್ಲ. ಸಾಯಲಿಲ್ಲ. ದೊಡ್ಡ ಗಾಲಿ ಒಂದು ಕಲ್ಲನ್ನು ಹತ್ತಿ, ಅದರ ತುದಿಯಲ್ಲಿ ಯೋಚಿಸಿ, ಮೆಲ್ಲನೆ ಆಚೆ ಇಳಿಯಿತು. ಮತ್ತೊಂದು ಕಲ್ಲು. ಮತ್ತೊಂದು. ಎರಡೂ ಕಡೆ ಹಾಲುಗಾಳಿನ ಬಿಳಿಜೋಳ. ತಲೆಯ ಮೇಲೆ ಬುತ್ತಿ ಹೊತ್ತ ಹೆಂಗಸರು ನಮ್ಮನ್ನು ಹಿಂದೆ ಹಾಕಿ ಹೋಗತೊಡಗಿದರು. ಒಬ್ಬ ಮುದುಕಿ, ಕೋಲೂರಿಕೊಂಡು, ಗಾಡಿಯ ಸಮಕ್ಕೆ ಬಂದು ಮೇಲೆ ನೋಡಿದಳು:

"ಯಪ್ಪಾ, ಡೀಜಲ್ ಮುಗದೈತೇನು? ನೂಕಲ್ಯಾ?"

ನಮ್ಮ ಮಾವ! ಮದುವೆಯ ಮೆರವಣಿಗೆಯಲ್ಲೂ ಕುದುರೆಗಿಂತ ಮುಂದೆ ನಡೆದ ಮಾವ! ಅಜ್ಜಿ ಅವರನ್ನು ದಾಟಿ ಹೋದರೂ ಅವರು ಕಣ್ಣೆತ್ತಲಿಲ್ಲ. ಸ್ಟೇರಿಂಗನ್ನು ಮೊಟ್ಟೆ ಹಿಡಿದಂತೆ ಹಿಡಿದಿದ್ದರು. ಆ ಎರಡು ಕಿಲೋಮೀಟರಿಗೆ ಮುಕ್ಕಾಲು ತಾಸು ಹಿಡಿಯಿತು. ನಾನು ಹಿಂದಿನ ಕಿಟಕಿಯಿಂದ ಇಣುಕಿ ನೋಡುತ್ತಲೇ ಇದ್ದೆ. ಚರಿಗಿಯ ನೀರು ಅಂಚಿಗೆ ಬರುತ್ತಿತ್ತು, ನಡುಗುತ್ತಿತ್ತು, ಹಿಂದೆ ಸರಿಯುತ್ತಿತ್ತು. ಅತ್ತೆ ಮೊದಮೊದಲು ಚರಿಗಿಯನ್ನೇ ನೋಡುತ್ತಿದ್ದರು. ಆಮೇಲೆ ಚರಿಗಿ ಬಿಟ್ಟು ಜೋಳ ನೋಡಿದರು. ಆಮೇಲೆ ಜೋಳ ಬಿಟ್ಟು ಮಾವನ ಕಡೆ ನೋಡತೊಡಗಿದರು. ವಸ್ತಿ ಬರುವವರೆಗೆ ಕಣ್ಣು ತಿರುಗಿಸಲಿಲ್ಲ.

ಗಾಡಿ ನಿಂತಿತು. ಮೆಟ್ಟಿಲು ಇಳಿಸಿದೆ. ಅತ್ತೆ ಇಳಿಯುವಷ್ಟರಲ್ಲಿ ಅವರ ಅಕ್ಕ, ಬಂದವರ ಕಾಲಿಗೆ ಕೊಡಲು ನೀರು ತುಂಬಿಕೊಂಡು ಓಡುತ್ತ ಬಂದರು. ಒಂದು ಕೈಯಿಂದ ತಂಗಿಯ ಗಲ್ಲ ಹಿಡಿದರು. ಅತ್ತೆ ತಮ್ಮ ಚರಿಗಿ ಎತ್ತಿ ತೋರಿಸಿದರು, ಬಾಯಿಮಟ್ಟ ತುಂಬಿತ್ತು.

"ನೀರ ನಾ ತಂದೇನಿ ಅಕ್ಕಾ. ವಿಜಯಪುರದಿಂದ."

ತಂದದ್ದೇನೋ ಸರಿ. ಆದರೆ ಅತ್ತೆಗೆ ಬಗ್ಗಲು ಬರುವುದಿಲ್ಲ ಎಂಬುದು ಬೇರೆ ಯಾರಿಗೂ ನೆನಪಾಗಲಿಲ್ಲ. ನೆನಪಾದದ್ದು ಮಾವನಿಗೆ. ಅವರು ಚರಿಗಿ ತೆಗೆದುಕೊಂಡು, ಆ ಆರಡಿ ಎರಡಂಗುಲವನ್ನು ಮೂರು ಕಡೆ ಮಡಚಿ, ಅತ್ತೆಯ ಮುಂದೆ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ಎಡಗೈಯಿಂದ ಅವರ ಪಾದ ಹಿಡಿದು, ಬಲಗೈಯಿಂದ ನೀರು ಹಾಕಿದರು.

"ಸಾವಕಾಶ ಹಾಕ್ರಿ," ಎಂದರು ಅತ್ತೆ, ಅವರ ತಲೆಯ ಮೇಲೆ ಕೈಯೂರಿ ನಿಂತು. "ಚೆಲ್ಲೀರಿ."

ಮಾವ ನೀರು ಹಾಕುತ್ತಲೇ ತಲೆಯೆತ್ತಿ ಅತ್ತೆಯ ಮುಖ ನೋಡಿದರು. ಇಪ್ಪತ್ತು ಮೈಲಿಯ ಉದ್ದಕ್ಕೂ ಒಂದು ಹನಿ ಚೆಲ್ಲದ ಚರಿಗಿಯಿಂದ ಅರ್ಧ ನೀರು ಪಕ್ಕದ ಮಣ್ಣಿಗೆ ಹೋಯಿತು.

ಚೆಲ್ಲಿದರೆ ಹೇಳುವುದು ನನ್ನ ಕೆಲಸ. ನಾನು ಹೇಳಲಿಲ್ಲ.